ಮಟ್ಟ ಮಾಡದ ನೆಲ

ಹೊನ್ನಾವರದ ಆಚೆ, ಕಡಲ ದಂಡೆ
6 ಏಪ್ರಿಲ್ 2025, ಭಾನುವಾರ

ನಿರ್ಮಲಾ,

ನನ್ನ ಕೈಬರಹದ ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ನಾಲ್ಕು ದಿನ ಎಂದು ಹೇಳಿ ಕೆರೆಬಿಳಚಿಯಲ್ಲಿ ಬಸ್ಸು ಹತ್ತಿದವನು ಯುಗಾದಿಗೂ ಬರಲಿಲ್ಲ. ಬೇವುಬೆಲ್ಲ ಒಬ್ಬಳೇ ತಿಂದು ನನ್ನನ್ನು ಬೈದುಕೊಂಡಿರುತ್ತೀ. ಬೈಸಿಕೊಳ್ಳುವಂಥದ್ದೇ ಮಾಡಿದ್ದೇನೆ, ಕ್ಷಮಿಸು.

ಫೋನ್ ಇದ್ದೂ ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ಕಲ್ಪನಾಳ ಹೆಸರು ಬಂದ ಕೂಡಲೇ ನಿನಗೆ ನಮ್ಮ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಗಿರಣಿಗೆ ರಜೆ ಇದ್ದ ಅಮಾವಾಸ್ಯೆಯ ದಿನವೂ ಕೇಳಿಸಲಿಲ್ಲ. ಕಾಗದವಾದರೆ ನೀನು ಓದದೆ ಇಟ್ಟರೂ ಮನೆಯಲ್ಲೇ ಇರುತ್ತದೆ, ಎಂದಾದರೂ ಕೈಗೆ ಸಿಗುತ್ತದೆ.

ನಾನು ಹೊರಡುವಾಗ ನೀನು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆದರೆ ಇಲ್ಲಿಗೆ ಬಂದು ಚೀಲ ಬಿಚ್ಚಿದರೆ ಒಬ್ಬ ಮನುಷ್ಯ ತಿನ್ನಲಾರದಷ್ಟು ರೊಟ್ಟಿ, ಗುರೆಳ್ಳು ಪುಡಿ, ಉಪ್ಪಿನಕಾಯಿ. ಕಲ್ಪನಾ ಪುಡಿಯ ಡಬ್ಬಿ ತೆಗೆದು ಮೂಸಿ ನೋಡಿದಳು. “ಅಮ್ಮ ಈಗ್ಲೂ ಒಂಚೂರು ಜಾಸ್ತೀನೇ ಹುರೀತಾಳೆ” ಎಂದಳು. ಆಮೇಲೆ ಏನೋ ಕೆಲಸ ನೆನಪಾದವಳಂತೆ ಎದ್ದು ಹೊರಗೆ ಹೋದಳು. ಹೊರಗೆ ಕೆಲಸ ಏನೂ ಇರಲಿಲ್ಲ.

ಅವಳು ಏನು ಮಾಡುತ್ತಾಳೆಂದು ಊರಲ್ಲಿ ಯಾರಾದರೂ ಕೇಳಿದರೆ ನೀನು “ಚೆಂಡಾಟದ ಮೈದಾನ ಮಾಡ್ತಾಳಂತೆ” ಎಂದು ಹೇಳಿ ಮಾತು ಮುಗಿಸುತ್ತೀ. ತಪ್ಪೇನೂ ಅಲ್ಲ. ನಾನೂ ಅಷ್ಟೇ ತಿಳಿದಿದ್ದೆ. ನೋಡಿದ ಮೇಲೆ ನಿನಗೂ ಹೇಳಬೇಕೆನ್ನಿಸಿತು.

ಇಲ್ಲಿ ನದಿಯೊಂದು ಕಡಲಿಗೆ ಸೇರುತ್ತದೆ. ಪಕ್ಕಕ್ಕೆ ಕಣ್ಣು ಹಾಯುವಷ್ಟು ದೂರ ಮರಳ ದಿಬ್ಬಗಳು. ಅಲೆ ಬಡಿಯುವ ಕಡೆಯ ದಿಬ್ಬ ಮುಟ್ಟಲು ಸರ್ಕಾರದ ಅನುಮತಿ ಇಲ್ಲ, ಹಿಂದಿನ ನೆಲವೆಲ್ಲ ಇವಳ ಕೈಗೆ ಬಂದಿದೆ. ಜೋಳವೂ ಬೆಳೆಯದ, ತೆಂಗೂ ಸರಿಯಾಗಿ ಏಳದ ನೆಲ. ಕಡಲಿಗೂ ಹೊಲಕ್ಕೂ ನಡುವೆ ಬಿದ್ದಿರುವ ಇಂಥ ನೆಲವನ್ನು ಸ್ಕಾಟ್ಲೆಂಡಿನಲ್ಲಿ ಲಿಂಕ್ಸ್ ಎನ್ನುತ್ತಾರಂತೆ. ಗಾಲ್ಫ್ ಆಟ ಬೆಳೆದದ್ದೇ ಅಂಥ ಕಡೆ. ಮರ ಇಲ್ಲ, ನೆರಳಿಲ್ಲ. ಗಾಳಿ, ಹುಲ್ಲು, ಉಬ್ಬು, ತಗ್ಗು ಅಷ್ಟೇ. ಅಲ್ಲಿ ಓದಿ ಬಂದವಳಿಗೆ ಈ ಜಾಗ ನೋಡಿದ ದಿನ ಊಟ ಸೇರಲಿಲ್ಲವಂತೆ, ಅಷ್ಟು ಖುಷಿ. ಇಷ್ಟು ವರ್ಷ ಪುಣೆಯ ಆಫೀಸಿನಲ್ಲಿ ಬೇರೆಯವರ ಮೈದಾನಗಳಿಗೆ ನಕ್ಷೆ ಬರೆದವಳಿಗೆ ಮೊದಲಿನಿಂದ ಕೊನೆಯವರೆಗೆ ತನ್ನದು ಎನ್ನುವಂತೆ ಸಿಕ್ಕಿರುವುದು ಇದೇ ಮೊದಲು.

ಚೆಂಡು ಬೀಳಿಸುವ ಗುಳಿ ಹದಿನೆಂಟು. ಹೊಡೆಯಲು ನಿಲ್ಲುವ ಜಾಗದಿಂದ ಗುಳಿಯವರೆಗಿನ ಇಡೀ ದಾರಿಗೂ ಗುಳಿಯ ಹೆಸರೇ. ಕೆಲವಕ್ಕೆ ಹಳೆಯ ಕಾಲದ ಹೆಸರುಗಳಿವೆ: ರೆಡಾನ್, ಆಲ್ಪ್ಸ್, ಕೇಪ್, ಬಿಯಾರಿಟ್ಸ್. ಹಿಂದೆ ಯಾವುದೋ ಊರಿನಲ್ಲಿ ಇದ್ದ ಒಳ್ಳೆಯ ಗುಳಿಗಳವು. ಅವುಗಳ ಬಗೆ ತಿಳಿದುಕೊಂಡು ಬೇರೆ ಬೇರೆ ದೇಶದವರು ತಮ್ಮ ನೆಲದಲ್ಲಿ ಮತ್ತೆ ಮಾಡುತ್ತಾ ಬಂದಿದ್ದಾರೆ. “ಹಂಗಾದ್ರೆ ಕಾಪಿ ಹೊಡೆಯೋದೇನವ್ವ?” ಎಂದೆ. ನಕ್ಕಳು.

“ಅಮ್ಮ ಅಂಗಳದಾಗೆ ತೊಟ್ಟಿಲು ರಂಗೋಲಿ ಹಾಕ್ತಾಳಲ್ಲ ಅಪ್ಪಾಜಿ, ಅವರವ್ವನೂ ಅದನ್ನೇ ಹಾಕ್ತಿದ್ರು. ಅಂಗಳ ಓರೆ ಇದ್ರೆ ಚುಕ್ಕಿ ಸರಿಸಿ ಹಾಕ್ಬೇಕು. ಹೆಸರು ತೊಟ್ಟಿಲೇ, ಆದ್ರೆ ಯಾರ ಮನೇದು ಅಂತ ನೋಡಿದ್ರೆ ಗೊತ್ತಾಗುತ್ತೆ. ಇದೂ ಹಂಗೇ.”

ಇನ್ನು ನಾನು ಯಾಕೆ ಉಳಿದೆ ಎನ್ನುವುದು. ಇವಳ ಡೋಜರ್ ಓಡಿಸುವವನು ಆಂಜನೇಯ, ಜಗಳೂರು ಕಡೆಯವನು, ಒಳ್ಳೆಯ ಕೈ. ನಾನು ಬಂದ ವಾರ ಗಾಡಿಯಿಂದ ಇಳಿಯುವಾಗ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡ. ಮಳೆಗಾಲದ ಒಳಗೆ ಮರಳಿಗೆ ರೂಪ ಕೊಟ್ಟು ಹುಲ್ಲು ಹಿಡಿಸದಿದ್ದರೆ ಎಲ್ಲ ಕೊಚ್ಚಿಹೋಗುತ್ತದೆ. ಬೇರೆ ಆಪರೇಟರುಗಳು ಸಿಗುತ್ತಾರೆ, ಎಲ್ಲರೂ ರಸ್ತೆ ಕೆಲಸದವರು. ಅವಳು ನನ್ನನ್ನು ಕೇಳಲಿಲ್ಲ. ಹಳೆಯ ಡೋಜರ್ ಕೈ, ನಾನೇ ಹತ್ತಿ ಕೂತೆ. ಮಂಡಿನೋವಿನವನು ಎಂದು ಬೈಯಬೇಡ. ಕೂತು ಮಾಡುವ ಕೆಲಸ, ಮಂಡಿಗೆ ಏನೂ ಆಗಿಲ್ಲ.

ಮಾತ್ರೆ ತಪ್ಪಿಸಿಲ್ಲ. ಗಿರಣಿಯ ಬೆಲ್ಟು ಸಡಿಲವಾಗಿತ್ತು, ಮೆಕ್ಯಾನಿಕ್‌ನನ್ನು ಕರೆಸು.

ನಿನ್ನ
ಮುರುಗೇಶಪ್ಪ


27 ಏಪ್ರಿಲ್ 2025

ನಿರ್ಮಲಾ,

ಮೊನ್ನೆ ಫೋನಿನಲ್ಲಿ ಅಕ್ಕಿಯ ರೇಟು, ಕರೆಂಟಿನ ಕಾಟ ಎಲ್ಲ ಹೇಳಿ, ಇಡುವ ಮುಂಚೆ “ಹೊರಗೆ ಹಾಕಿದ ರಂಗೋಲಿ ಗಾಳಿಗೆ ಹಾರಲ್ವಾ ಅಲ್ಲಿ?” ಎಂದು ಕೇಳಿದೆಯಲ್ಲ. ಅಂದರೆ ಕಾಗದ ಓದಿದ್ದೀ. ಕಲ್ಪನಾಳಿಗೆ ಹೇಳಿದೆ. ಅವಳು ಚಹಾ ಮಾಡಲು ಒಳಗೆ ಹೋಗಿ ಸಕ್ಕರೆ ಹಾಕದೆ ತಂದಳು.

ಈ ಸಲ ನನ್ನ ಅವಮಾನದ ಕಥೆ ಬರೆಯುತ್ತೇನೆ, ನಗು.

ರೆಡಾನ್ ಎನ್ನುವ ಗುಳಿ ಮಾಡುವ ಕೆಲಸ. ಗುಳಿಯ ಸುತ್ತ ನುಣುಪಾದ ಹುಲ್ಲಿನ ಅಂಗಳ ಇರುತ್ತದೆ, ಅದಕ್ಕೆ ಗ್ರೀನ್ ಎನ್ನುತ್ತಾರೆ. ಈ ಗುಳಿಯ ಗ್ರೀನ್ ಓರೆಯಾಗಿ ಮಲಗಿರಬೇಕು. ಬಲಗಡೆಯ ಮುಂಭಾಗ ಎತ್ತರ, ಎಡಗಡೆಯ ಹಿಂಭಾಗ ತಗ್ಗು. ಎಡಗಡೆ ಮುಂದೆ ಆಳದ ಮರಳುಗುಂಡಿ. ಬಾವುಟ ಆ ಗುಂಡಿಯ ಹಿಂದೆ ಕಾಣುತ್ತದೆ. ಆಸೆಪಟ್ಟು ಬಾವುಟಕ್ಕೇ ನೇರ ಹೊಡೆದವನು ಗುಂಡಿಗೆ ಬೀಳಿಸುವುದೇ ಹೆಚ್ಚು. ತಿಳಿದವನು ಬಲಗಡೆಯ ಎತ್ತರದ ಭುಜಕ್ಕೆ ಹೊಡೆಯುತ್ತಾನೆ, ಚೆಂಡು ತಾನಾಗಿ ಉರುಳಿಕೊಂಡು ಬಾವುಟದ ಹತ್ತಿರ ಹೋಗುತ್ತದೆ. ಕೇಳಿದಾಗ ನಿನ್ನ ನೆನಪಾಯಿತು. ನಿನ್ನ ಹತ್ತಿರವೂ ನೇರ ಕೇಳಿದರೆ ಕೆಲಸ ಆಗುವುದಿಲ್ಲ.

ಅವಳು ಕಡ್ಡಿ ನೆಟ್ಟು, ದಾರ ಕಟ್ಟಿ ತೋರಿಸಿ ಹೋದಳು. ನಾನು ಸಂಜೆಯವರೆಗೆ ಬ್ಲೇಡ್ ಆಡಿಸಿ, ಇಳಿದು ನೋಡಿ, ಮೀಸೆ ತಿರುವಿಕೊಂಡೆ. ಅಷ್ಟು ಚೆಂದವಾಗಿ ಬಂದಿತ್ತು. ಅವಳು ಬಂದು ಒಂದು ಚೆಂಡು ತೆಗೆದು ಮೇಲಿನಿಂದ ಬಿಟ್ಟಳು. ಅದು ಎರಡು ಮಾರು ಉರುಳಿ ನಿಂತುಬಿಟ್ಟಿತು.

“ಅಪ್ಪಾಜಿ, ಇದು ಗದ್ದೆ ಆತು” ಎಂದಳು.

ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ಆಂಜನೇಯ ಕಿಸಕ್ಕೆಂದ. “ಯಜಮಾನ್ರೇ, ಭತ್ತ ಯಾವುದು ಹಾಕಾಣ? ಸೋನಾ ಮಸೂರಿನಾ?”

ನನಗೆ ಸಿಟ್ಟು ಬಂತು. ಕತ್ತಲಗೆರೆಯಿಂದ ಸವಳಂಗದವರೆಗೆ ನನ್ನ ಡೋಜರ್ ಮಟ್ಟ ಮಾಡಿದ ಗದ್ದೆಗಳಿವೆ. ಚಾನೆಲ್ ನೀರು ಬಿಟ್ಟರೆ ಈ ಬದುವಿನಿಂದ ಆ ಬದುವಿಗೆ ಒಂದೇ ಸಮ ನಿಲ್ಲುತ್ತಿತ್ತು. ಜನ ನನ್ನ ಕೆಲಸವನ್ನು ಹೊಗಳಿದ್ದೇ ಅದಕ್ಕೆ. ಅದನ್ನೆಲ್ಲ ಅವಳ ಮುಂದೆ ಜೋರಾಗಿ ಹೇಳಿದೆ. ಕೇಳಿ ಮುಗಿದ ಮೇಲೆ ಪಕ್ಕದಲ್ಲಿ ಕೂತಳು.

“ನೀವು ನೀರು ನಿಲ್ಲಲಿ ಅಂತ ಮಾಡ್ತಿದ್ರಿ. ಇಲ್ಲಿ ನೀರೂ ನಿಲ್ಲಬಾರದು, ಚೆಂಡೂ ನಿಲ್ಲಬಾರದು. ನಿಮ್ಮ ಕೈ ತಾನಾಗೇ ಮಟ್ಟದ ಕಡೆ ಹೋಗ್ತೈತೆ. ನನಗೂ ಮೊದಲು ಹಂಗೇ ಆಗ್ತಿತ್ತು. ಸ್ಕಾಟ್ಲೆಂಡಿನಾಗೆ ನಮ್ಮ ಮೇಷ್ಟ್ರು ನಾ ಬರೆದ ನಕ್ಷೆ ನೋಡಿ, ನಿಮ್ಮ ಮನೇಲಿ ಯಾರು ರೈತರು ಅಂತ ಕೇಳಿದ್ರು.”

ಮಾರನೆಯ ದಿನ ಕಿತ್ತು ಮತ್ತೆ ಮಾಡಿದೆ. ಈ ಸಲ ಇಳಿಜಾರು ಹೆಚ್ಚಾಯಿತು, ಚೆಂಡು ಗ್ರೀನ್ ದಾಟಿ ಹೊರಗೇ ಹೋಯಿತು. ಆಮೇಲೆ ಅವಳು ಡೋಜರಿನ ಮುಂದೆ ಹಿಮ್ಮುಖವಾಗಿ ನಡೆಯುತ್ತಾ, ಅಂಗೈ ಓರೆ ಮಾಡಿ ತೋರಿಸುತ್ತಾ ಹೋದಳು. ನಾನು ನೆಲ ನೋಡುವುದು ಬಿಟ್ಟು ಅವಳ ಅಂಗೈಯನ್ನೇ ನೋಡುತ್ತಾ ಬ್ಲೇಡ್ ಬಿಟ್ಟೆ. ಸರಿ ಬಂತು. ಅವಳು ಬಿಟ್ಟ ಚೆಂಡು ಭುಜದ ಮೇಲೆ ಬಿದ್ದು, ಇನ್ನೇನು ನಿಂತಿತು ಎನ್ನುವಾಗ ಮನಸ್ಸು ಬದಲಾಯಿಸಿದಂತೆ ಎಡಕ್ಕೆ ತಿರುಗಿ, ನಿಧಾನ ಉರುಳಿ, ಬಾವುಟದ ಬುಡಕ್ಕೆ ಹೋಯಿತು. ಆಂಜನೇಯ ಒಂದೇ ಕೈಯಲ್ಲಿ ತೊಡೆ ತಟ್ಟಿ ಚಪ್ಪಾಳೆ ಹೊಡೆದ.

ಒಂದು ಮಾತು. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಬರೆಯುತ್ತೇನೆ. ನಿನ್ನ ಅಣ್ಣನ ಮಗ ಕೊಟ್ರೇಶನ ಜೊತೆ ಬಾಳಲಾರೆ, ನಾನು ಓದಲು ಹೋಗಬೇಕು ಎಂದು ಅವಳು ಹೊನ್ನಾಳಿಯಿಂದ ಪೆಟ್ಟಿಗೆ ಹಿಡಿದು ಬಂದ ದಿನ ನೀನು ಅವಳ ಜೊತೆ ಮಾತು ಬಿಟ್ಟೆ. ಅಣ್ಣ ನಮ್ಮ ಹೊಸ್ತಿಲು ತುಳಿಯುವುದನ್ನು ಬಿಟ್ಟ. ಹಾಗೆಯೇ ಹೋದ ವರ್ಷ ತೀರಿಕೊಂಡ. ಮಗಳು ತನ್ನ ಹಟಕ್ಕೆ ನಿನ್ನ ತವರನ್ನೇ ಮುಚ್ಚಿಸಿದಳು ಎಂಬ ನಿನ್ನ ನೋವು ಸುಳ್ಳಲ್ಲ. ಅದನ್ನು ನಾನು ಎಂದೂ ಸಣ್ಣದು ಎಂದಿಲ್ಲ. ಆದರೆ ಇಲ್ಲಿ ಒಂದು ತಿಂಗಳು ಅವಳ ಜೊತೆ ಇದ್ದು ನೋಡಿದ ಮೇಲೆ ನನಗೆ ಒಂದು ಅನುಮಾನ. ಒಂದು ಗುಂಡಿಯ ಅಂಚು ಓರೆಯಾದರೆ ಮೂರು ಸಲ ಯೋಚಿಸುವವಳು ಅಷ್ಟು ದೊಡ್ಡದನ್ನು ಒಂದು ಮಾತಿನಲ್ಲಿ ಬಿಟ್ಟು ಬಂದಳೇ? ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ.

ಬಿಸಿಲು ಜಾಸ್ತಿ. ಮಜ್ಜಿಗೆ ಕುಡಿ.

ಮುರುಗೇಶಪ್ಪ


24 ಮೇ 2025

ನಿರ್ಮಲಾ,

ತಡವಾಯಿತು. ಬರೆಯಲು ಕೂತರೆ ಕರೆಂಟು ಹೋಗುತ್ತಿತ್ತು, ಕರೆಂಟು ಇದ್ದರೆ ಮೈಯಲ್ಲಿ ಶಕ್ತಿ ಇರುತ್ತಿರಲಿಲ್ಲ. ಮಳೆ ಈ ವರ್ಷ ಎಲ್ಲ ವರ್ಷಕ್ಕಿಂತ ಮುಂಚೆ ಬಂದುಬಿಟ್ಟಿದೆ. ನಮ್ಮ ಕೆಲಸ ಅದಕ್ಕಿಂತ ಸ್ವಲ್ಪ ಮುಂಚೆ ಮುಗಿಯಿತು. ಎರಡು ಗುಳಿ ಉಳಿದಿವೆ, ಅವು ಮಳೆ ಹೋದ ಮೇಲೆ. ಉಪ್ಪುಗಾಳಿ ತಡೆಯುವ ಹುಲ್ಲು ರೆಡಾನಿನ ಮೇಲೆ ಹಸಿರಾಗಿ ಹಬ್ಬಿದೆ. ಇನ್ನೊಂದು ವಾರದಲ್ಲಿ ನಾನು ಊರಲ್ಲಿ.

ಆಲ್ಪ್ಸ್ ಎನ್ನುವ ಗುಳಿಯ ವಿಷಯ ಹೇಳಬೇಕು. ಅದರಲ್ಲಿ ಹೊಡೆಯುವವನಿಗೂ ಗ್ರೀನಿಗೂ ನಡುವೆ ಒಂದು ದೊಡ್ಡ ದಿಬ್ಬ. ಬಾವುಟ ಕಾಣುವುದಿಲ್ಲ. ದಿಬ್ಬದ ಆಚೆ ಇದೆ ಎಂದು ನಂಬಿ ಹೊಡೆಯಬೇಕು, ಹತ್ತಿ ಹೋಗಿ ನೋಡಬೇಕು. ಇಲ್ಲಿಯ ದಿಬ್ಬ ಗಾಳಿ ತಾನೇ ಕಟ್ಟಿದ್ದು, ಕಲ್ಪನಾ ಅದಕ್ಕೆ ಬ್ಲೇಡ್ ಮುಟ್ಟಿಸಿರಲಿಲ್ಲ.

ಈ ತಿಂಗಳ ಮೊದಲಲ್ಲಿ ಜಾಗದ ಮಾಲೀಕರು ಬಂದರು. ಬೆಂಗಳೂರಿನವರು, ಕೆಟ್ಟ ಮನುಷ್ಯರಲ್ಲ, ಆದರೆ ಆತುರದವರು. ಕಲ್ಪನಾ ಹುಲ್ಲಿನ ವಿಷಯಕ್ಕೆ ಮಂಗಳೂರಿಗೆ ಹೋಗಿದ್ದಳು. ನಾನು ಅವಳ ತಂದೆಯೆಂದು ಅವರಿಗೆ ಗೊತ್ತಿರಲಿಲ್ಲ. ದಿಬ್ಬದ ಕೆಳಗೆ ನಿಂತು ನನ್ನನ್ನು ಕರೆದರು.

“ಇದರ ತಲೆ ತೆಗೆದುಬಿಡಿ. ಅಷ್ಟು ದೂರದಿಂದ ಬಂದವರು ಕಣ್ಣು ಕಟ್ಟಿಕೊಂಡು ಹೊಡೀಬೇಕಾ? ಬಾವುಟ ಕಾಣ್ಬೇಕು.”

ನಿಜ ಹೇಳುತ್ತೇನೆ, ಅವರು ಹೇಳಿದ್ದು ನನಗೆ ಸರಿ ಎನ್ನಿಸಿತು. ಜೀವನವೆಲ್ಲ ದಿಬ್ಬ ಕಂಡರೆ ಕಡಿದವನು ನಾನು. ಅರ್ಧ ದಿನದ ಕೆಲಸ. ಆದರೆ ಕಡಿದ ಮೇಲೆ ಮತ್ತೆ ಕಟ್ಟಲು ಯಾರಿಂದಲೂ ಆಗುವುದಿಲ್ಲ.

“ಮೇಡಂ ಬರ್ಲಿ ಸಾರ್” ಎಂದೆ.

“ಸಂಬಳ ಕೊಡೋನು ನಾನು. ಮೇಡಂಗೆ ನಾನು ಹೇಳ್ತೀನಿ.”

“ಹೇಳ್ರಿ. ಅವರು ಹ್ಞೂಂ ಅಂದ್ರೆ ಈಗ್ಲೇ ಕಡಿತೀನಿ.”

ಡೋಜರಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಅದರದ್ದೇ ನೆರಳಿಗೆ ಬಂದು ಕೂತೆ. ಅವರ ಮುಖ ಕೆಂಪಾಯಿತು. ಬೇರೆ ಆಪರೇಟರನ್ನು ಕರೆಸುತ್ತೇನೆ ಎಂದರು. ಆಂಜನೇಯ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಮೇಡಂ ಕೆಲಸಕ್ಕೇ ಸಂಚಕಾರ ಬಂದ್ರೆ ಏನ್ಮಾಡ್ತೀರಿ ಯಜಮಾನ್ರೇ?” ಎಂದ. ಆಗ ನನಗೆ ಭಯವಾಯಿತು. ಆದರೂ ಏಳಲಿಲ್ಲ.

ಸಂಜೆಗೆ ಮುಂಚೆ ಕಲ್ಪನಾ ಬಂದಳು. ಅವರ ಮಾತೆಲ್ಲ ಕೇಳಿದಳು. ಜಗಳ ಆಡಲಿಲ್ಲ. ಒಂದು ಕೋಲು, ಒಂದು ಚೆಂಡು ಅವರ ಕೈಗೆ ಕೊಟ್ಟು, “ಒಂದು ಸಲ ಹೊಡೀರಿ ಸರ್. ಆಮೇಲೂ ನಿಮಗೆ ಬೇಡ ಅನ್ನಿಸಿದ್ರೆ ಮಾತಾಡೋಣ” ಎಂದಳು. ದಿಬ್ಬದ ನೆತ್ತಿಯಲ್ಲಿ ಒಂದು ಬಿಳಿ ಕಲ್ಲು ಇಟ್ಟಿದ್ದಳು, ಅದರ ಮೇಲಿನಿಂದ ಹಾರಿಸಬೇಕು ಎಂದಳು. ಅವರು ಬೇಸರದಿಂದಲೇ ಹೊಡೆದರು. ಚೆಂಡು ಕಲ್ಲಿನ ಮೇಲಿಂದ ಹಾರಿ ಮಾಯವಾಯಿತು. ಹಿಂದೆಯೇ ನಾವೆಲ್ಲ ಹತ್ತಿದೆವು. ಮಾಲೀಕರು ಮೊದಲು ನಡೆದರು, ಆಮೇಲೆ ಬೇಗ ಬೇಗ ನಡೆದರು, ಕೊನೆಗೆ ಮರಳಿನಲ್ಲಿ ಕಾಲು ಹೂತರೂ ಓಡುತ್ತಲೇ ಹತ್ತಿದರು. ಮೇಲೆ ಹೋದಾಗ ಒಮ್ಮೆಗೇ ಕಡಲು ಕಂಡಿತು, ಕೆಳಗೆ ಬಟ್ಟಲಿನಂಥ ಗ್ರೀನು, ಅದರಲ್ಲಿ ಅವರ ಚೆಂಡು. ಬಾವುಟದಿಂದ ದೂರವೇ ಇತ್ತು, ಆದರೂ ಗ್ರೀನಿನ ಮೇಲಿತ್ತು. ಅವರು ಏದುಸಿರು ಬಿಡುತ್ತಾ ನಿಂತರು. “ಇನ್ನೊಂದು ಚೆಂಡು ಇದೆಯಾ?” ಎಂದು ಕೇಳಿದರು.

ದಿಬ್ಬ ಉಳಿಯಿತು. ಅದಕ್ಕೆ ಬದಲಾಗಿ ಬಿಯಾರಿಟ್ಸ್ ಹೋಯಿತು. ಗ್ರೀನಿನ ನಡುವೆ ಕಾಲುವೆಯಂಥ ತಗ್ಗು ಇರುವ ಗುಳಿ ಅದು, ಹುಲ್ಲು ಕತ್ತರಿಸುವುದು ಕಷ್ಟ ಎಂದು ಅವರು ಹಟ ಹಿಡಿದರು, ಇವಳು ಬಿಟ್ಟುಕೊಟ್ಟಳು. ಅದರ ನಕ್ಷೆಗೆ ಅವಳು ಬಹಳ ದಿನ ಕೂತಿದ್ದಳು. “ಬೇಜಾರಾತೇನವ್ವ?” ಎಂದರೆ, “ಆತು. ಆದ್ರೆ ಎಲ್ಲಾ ನಂದೇ ಆಗ್ಬೇಕು ಅಂದ್ರೆ ಒಂದೂ ಉಳಿಯಲ್ಲ ಅಪ್ಪಾಜಿ” ಎಂದಳು. ಹೊರಡುವಾಗ ಮಾಲೀಕರು ನನ್ನ ಹೆಸರು ಕೇಳಿದರು. ಅವಳು “ನಮ್ಮಪ್ಪ” ಎಂದಳು. ಅವರು ನನ್ನ ಕಡೆ, ಅವಳ ಕಡೆ ನೋಡಿ, “ಗೊತ್ತಾಗಬೇಕಿತ್ತು” ಎಂದು ಕಾರು ಹತ್ತಿದರು.

ಈಗ ಹೊರಗೆ ಮಳೆ, ತಗಡಿನ ಮೇಲೆ ಒಂದೇ ಸಮನೆ ಸದ್ದು. ಕಲ್ಪನಾ ಆಗಾಗ ಎದ್ದು ಕಿಟಕಿಯಿಂದ ದಿಬ್ಬಗಳ ಕಡೆ ನೋಡುತ್ತಾಳೆ, ಮರಳು ಜಾರದೆ ನಿಂತಿದೆಯೇ ಎಂದು. ನಿಂತಿದೆ.

ನಿನಗೆ ದೇವರು ಆಯಸ್ಸು, ಆರೋಗ್ಯ ಕೊಡಲಿ. ನೀನು ಹಾಕಿದ ರಂಗೋಲಿ ನೋಡುವ ಆಸೆ ಆಗಿದೆ.

ನಿನ್ನ
ಮುರುಗೇಶಪ್ಪ

ವಿ.ಸೂ.: ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಗಿರಣಿಯಲ್ಲಿ ಜನ ಇದ್ದರೆ ಇಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಮನೆಗೆ ಹೋಗಿ ಓದು.

ಮಾಲೀಕರು ಹೋದ ಸಂಜೆ ನಾವಿಬ್ಬರೂ ದಿಬ್ಬದ ಮೇಲೆ ಕೂತಿದ್ದೆವು. ನಿನ್ನ ಪರವಾಗಿ ಒಂದು ಮಾತು ಆಡಬೇಕೆಂದು ನಾನೇ ಬಾಯಿ ತೆಗೆದೆ. “ನಿಮ್ಮಮ್ಮಂಗೆ ನಿನ್ನ ಮೇಲಿನ ಸಿಟ್ಟಿಗಿಂತ ಅಣ್ಣನ ಚಿಂತೇನೇ ಜಾಸ್ತಿ ಕಣವ್ವ. ದಿನಾ ಬೆಳಿಗ್ಗೆ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಸಾಯೋವರೆಗೂ ಮಾತಾಡಿಸಲಾರದಷ್ಟು ನಾನೇನು ಮಾಡಿದ್ನಣ್ಣ ಅಂತ ಕೇಳ್ತಾಳೆ” ಎಂದೆ. ಅವಳಿಗೆ ಇದು ಗೊತ್ತಿರಲಿಲ್ಲ. ಅಮ್ಮ ತನ್ನೊಬ್ಬಳ ಮೇಲೆ ಮುನಿದಿದ್ದಾಳೆ ಎಂದೇ ತಿಳಿದಿದ್ದಳು. ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ, “ಮಾವ ಸಿಟ್ಟಾಗಿರಲಿಲ್ಲ ಅಪ್ಪಾಜಿ” ಎಂದಳು.

ಕೊಟ್ರೇಶನಿಗೆ ಮದುವೆಗೆ ಮೊದಲೇ ದಾವಣಗೆರೆಯಲ್ಲಿ ಒಂದು ಸಂಸಾರ ಇತ್ತಂತೆ, ಒಂದು ಮಗುವೂ. ಅದು ತಿಳಿದಾಗ ಇವಳು ಹೇಳಿದ್ದು ನಿನ್ನ ಅಣ್ಣನಿಗೆ. ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಗನನ್ನು ಕೇಳಿ, ನಿಜವೆಂದು ತಿಳಿದು, ಬಂದು ಸೊಸೆಯ ಮುಂದೆ ಕೈಮುಗಿದನಂತೆ. “ನಮ್ಮ ನಿರ್ಮಲಿ ಮನಿಗೆ ನಾನೇ ಹೋಗಿ ಕೇಳಿ ತಂದ ಹೆಣ್ಣು ನೀನು. ಈ ಸುದ್ದಿ ಗೊತ್ತಾದ್ರೆ ಅವಳ ಮುಂದೆ ನಾನು ನಿಲ್ಲಾಕೆ ಆಗಲ್ಲ. ನೀನು ಬಿಟ್ಟು ಹೋಗವ್ವ, ನಾನು ಅಡ್ಡ ಬರಲ್ಲ. ಕಾರಣ ಮಾತ್ರ ಅವಳಿಗೆ ಹೇಳಬ್ಯಾಡ.” ಇವಳು ಒಪ್ಪಿದಳು. ಓದಲು ಹೋಗಬೇಕು ಎಂದು ನಮ್ಮ ಮುಂದೆ ನಿಂತು ಹೇಳಿದ್ದು ಅದಕ್ಕೆ. ಅವನು ನಮ್ಮ ಮನೆಗೆ ಬರದೆ ಹೋದದ್ದು ಸಿಟ್ಟಿನಿಂದಲ್ಲ ನಿರ್ಮಲಾ, ನಿನ್ನ ಮುಖ ನೋಡಲಾರದೆ.

ನಿನಗೆ ಇದನ್ನು ಹೇಳುವುದಿಲ್ಲ ಎಂದು ಮಾತು ಕೊಡಿ ಎಂದಳು. ನಾನು ಕೊಡಲಿಲ್ಲ. ಸತ್ತವನ ಮರ್ಯಾದೆ ದೊಡ್ಡದೇ, ಆದರೆ ಅವನು ನಿನ್ನನ್ನು ಬಿಟ್ಟಿರಲಿಲ್ಲ ಎನ್ನುವುದು ನಿನಗೆ ಸೇರಬೇಕಾದ ಮಾತು. ಬರೆದದ್ದು ತಪ್ಪೆನಿಸಿದರೆ ನನ್ನ ಮೇಲೆ ಸಿಟ್ಟಾಗು, ಅವಳ ಮೇಲೆ ಬೇಡ.

ಹಬ್ಬಕ್ಕೊಮ್ಮೆ ಅವನು ಇವಳಿಗೆ ಫೋನ್ ಮಾಡುತ್ತಿದ್ದನಂತೆ. ಬೇರೆ ಮಾತಿಲ್ಲ, “ನಿಮ್ಮವ್ವ ಹೆಂಗದಾಳೆ?” ಎಂದಷ್ಟೇ. ನೀನು ಮಾತಾಡದವಳು, ಇವಳಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಇವಳು ನನಗೆ ಫೋನ್ ಮಾಡಿ ಕೇಳುವುದು, ನಾನು ಹೇಳಿದ್ದನ್ನು ಅವನಿಗೆ ಹೇಳುವುದು. ಹೋದ ವರ್ಷ ಆಸ್ಪತ್ರೆಯಿಂದಲೂ ಕೇಳಿದ್ದನಂತೆ. ಆ ದಿನ ಇವಳ ಫೋನ್ ಬಂದದ್ದು ನನಗೆ ನೆನಪಿದೆ. ಗಿರಣಿಯ ಬಾಗಿಲಲ್ಲಿ ನಿಂತು ನಿನ್ನನ್ನೇ ನೋಡುತ್ತಾ, “ಚೆನ್ನಾಗಿದಾಳೆ, ಯಾರದೋ ರಾಗಿ ಬೀಸ್ತಾ ಇದಾಳೆ, ತಲೆಯೆಲ್ಲಾ ಹಿಟ್ಟು ಮಾಡ್ಕೊಂಡು” ಎಂದಿದ್ದೆ. ಅದನ್ನು ಕೇಳಿ ಅವನು ನಕ್ಕನಂತೆ.